ನೋಡಬೇಕೆಂದಿದ್ದ ಚಿತ್ರಪ್ರದರ್ಶನ ಕೈತಪ್ಪದಿರಲು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷಗಳಿಂದ ಚಿತ್ರಪ್ರದರ್ಶನಗಳ ತಾರೀಖುಗಳನ್ನು ಒಂದು ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದೇನೆ. ಈ ಅಭ್ಯಾಸ ಶುರುವಾಗಿದ್ದು ಹೊಟ್ಟೆಉರಿಯಿಂದ. ಒಂದು ಭಾನುವಾರ ಬೆಳಿಗ್ಗೆ ಪೇಪರಿನಲ್ಲಿ ಒಂದು ಪ್ರದರ್ಶನದ ವಿಮರ್ಶೆ ಓದಿದೆ. ಎಷ್ಟು ಚೆನ್ನಾಗಿ ಬರೆದಿದ್ದರು ಅಂದರೆ ಕಾಫಿ ಲೋಟ ಅಲ್ಲೇ ಇಟ್ಟು ಚಪ್ಪಲಿ ಹುಡುಕಿದೆ. ಆಮೇಲೆ ಕೊನೆಯ ಸಾಲು ಕಣ್ಣಿಗೆ ಬಿತ್ತು. ಪ್ರದರ್ಶನ ಹಿಂದಿನ ದಿನವೇ ಮುಗಿದಿತ್ತು.

ಆಮೇಲೆ ಗೆಳೆಯರು, ನೆಂಟರು ಕೇಳಿದ ಪ್ರಶ್ನೆಗಳಿವು. ಉತ್ತರಗಳಲ್ಲಿ ಬೆಂಗಳೂರೇ ಜಾಸ್ತಿ ಬರುತ್ತದೆ. ನಾನು ದಿನಾ ಓಡಾಡುವ ಊರು ಅದು.

ಊರಲ್ಲಿ ಇಷ್ಟೊಂದು ಪ್ರದರ್ಶನ ನಡೆಯುತ್ತೆ ಅಂತಾರೆ. ನನಗೆ ಮಾತ್ರ ಯಾಕೆ ಒಂದೂ ಗೊತ್ತಾಗೋದಿಲ್ಲ?

ನಾಟಕ, ಸಿನಿಮಾಗಳಂತೆ ಇದಕ್ಕೆ ಟಿಕೆಟ್ ಮಾರುವ ಅವಸರ ಇಲ್ಲ. ಹೆಚ್ಚಿನ ಕಡೆ ಪ್ರವೇಶ ಉಚಿತ. ಹಾಗಾಗಿ ಜಾಹೀರಾತಿಗೆ ದುಡ್ಡು ಹಾಕುವವರೂ ಕಡಿಮೆ. ಒಂದು ಆಹ್ವಾನ ಪತ್ರಿಕೆ ಮಾಡಿಸುತ್ತಾರೆ. ಅದು ಬಲ್ಲವರಿಂದ ಬಲ್ಲವರಿಗೆ ವಾಟ್ಸಾಪಿನಲ್ಲಿ ಓಡಾಡುತ್ತದೆ. ಆ ಬಳಗದ ಹೊರಗಿದ್ದವರಿಗೆ ಸುದ್ದಿ ಮುಟ್ಟುವುದೇ ಇಲ್ಲ.

ಇನ್ನೊಂದು ತೊಂದರೆ ಇದೆ. ತಾರೀಖು, ಜಾಗ, ಹೆಸರು ಎಲ್ಲವೂ ಪೋಸ್ಟರಿನ ಚಿತ್ರದೊಳಗೇ ಇರುತ್ತವೆ. ಕೆಳಗೆ ಅಕ್ಷರದಲ್ಲಿ ಏನನ್ನೂ ಬರೆದಿರುವುದಿಲ್ಲ. ನೀವು ಗೂಗಲ್‌ನಲ್ಲಿ ಎಷ್ಟು ಹುಡುಕಿದರೂ ಅದು ಸಿಗುವುದು ಕಷ್ಟ. ಇನ್‌ಸ್ಟಾಗ್ರಾಂ ಸ್ಟೋರಿ ಹಾಕಿದರೆ 24 ಗಂಟೆಯಲ್ಲಿ ಅದೂ ಮಾಯ.

ಆದರೂ ಒಂದು ಮಾತು ಹೇಳಲೇಬೇಕು. ಸುದ್ದಿ ಗೊತ್ತಾಗದೆ ತಪ್ಪಿಸಿಕೊಳ್ಳುವವರಿಗಿಂತ, ಗೊತ್ತಾಗಿಯೂ ತಪ್ಪಿಸಿಕೊಳ್ಳುವವರೇ ಜಾಸ್ತಿ. ‘ಇನ್ನೂ ಟೈಮ್ ಇದೆಯಲ್ಲ’ ಅಂತ ಕೂತವರು. ನಾನೂ ಅವರಲ್ಲೊಬ್ಬ.

ಹಾಗಾದ್ರೆ ಏನು ಮಾಡಬೇಕು? ಒಂದೇ ಒಂದು ಉಪಾಯ ಹೇಳಿ.

ಶುರುವಾಗುವ ದಿನವನ್ನು ಬರೆದುಕೊಳ್ಳಬೇಡಿ, ಮುಗಿಯುವ ದಿನವನ್ನು ಬರೆದುಕೊಳ್ಳಿ.

ಆಹ್ವಾನ ಪತ್ರಿಕೆಯಲ್ಲಿ ಉದ್ಘಾಟನೆಯ ದಿನವೇ ದಪ್ಪ ಅಕ್ಷರದಲ್ಲಿರುತ್ತದೆ. ಯಾರು ಉದ್ಘಾಟಿಸುತ್ತಾರೆ, ಯಾರು ಅಧ್ಯಕ್ಷರು, ಯಾರು ಮುಖ್ಯ ಅತಿಥಿ ಎಲ್ಲಾ ಇರುತ್ತದೆ. ಮುಗಿಯುವ ತಾರೀಖು ಎಲ್ಲೋ ಮೂಲೆಯಲ್ಲಿ ಸಣ್ಣದಾಗಿ ಕೂತಿರುತ್ತದೆ. ನಮಗೆ ಬೇಕಾದದ್ದು ಅದು.

ಕೊನೆಯ ದಿನವನ್ನೂ ನಂಬಬೇಡಿ. ಬಾಡಿಗೆ ಹಾಲ್‌ಗಳಲ್ಲಿ ಕೊನೆಯ ದಿನ ಸಂಜೆಯೊಳಗೆ ಜಾಗ ಖಾಲಿ ಮಾಡಿಕೊಡಬೇಕಿರುತ್ತದೆ. ಮಧ್ಯಾಹ್ನ ನಾಲ್ಕಕ್ಕೆ ಹೋದರೆ ಕಲಾವಿದರು ಬಬಲ್ ರ‍್ಯಾಪ್ ಹಿಡಿದು ನಿಂತಿರುತ್ತಾರೆ. ಗೋಡೆಯ ಮೇಲೆ ಮೊಳೆ ಮಾತ್ರ. ನನಗೆ ಹೀಗೆ ಎರಡು ಸಲ ಆಗಿದೆ. ಒಂದು ಸಲ ಸುಮ್ನೆ ವಾಪಸ್ ಬರಲು ಮನಸ್ಸಾಗದೆ ನಾಲ್ಕು ಫ್ರೇಮುಗಳನ್ನು ಟೆಂಪೊ ತನಕ ಹೊತ್ತುಕೊಟ್ಟು ಬಂದೆ. ಚಿತ್ರಗಳ ಬೆನ್ನನ್ನಷ್ಟೇ ನೋಡಿದ್ದು.

ಅದಕ್ಕೇ ನನ್ನ ಕ್ಯಾಲೆಂಡರಿನಲ್ಲಿ ನಿಜವಾದ ಕೊನೆಯ ದಿನಕ್ಕಿಂತ ಎರಡು ದಿನ ಮೊದಲೇ ‘ಮುಗಿಯುತ್ತೆ’ ಅಂತ ಬರೆದುಕೊಳ್ಳುತ್ತೇನೆ.

ಒಂದು ಪ್ರದರ್ಶನ ಸಾಮಾನ್ಯವಾಗಿ ಎಷ್ಟು ದಿನ ಇರುತ್ತೆ?

ಅದು ಜಾಗದ ಮೇಲೆ ಹೋಗುತ್ತದೆ. ಇದೊಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಪ್ರತಿ ಜಾಗಕ್ಕೂ ತನ್ನದೇ ತಾಳ ಇದೆ.

ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತನ್ನೇ ತೆಗೆದುಕೊಳ್ಳಿ. 1960ರಲ್ಲಿ ಶುರುವಾದ ಸಂಸ್ಥೆ. ಅಲ್ಲಿ ಹಲವು ಗ್ಯಾಲರಿಗಳಿವೆ. ಕಲಾವಿದರು ಅವನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುತ್ತಾರೆ. ದಿನ ಹೆಚ್ಚಿದಷ್ಟೂ ಖರ್ಚು ಹೆಚ್ಚು, ಹಾಗಾಗಿ ಮೂರು ದಿನ, ಐದು ದಿನ, ಹೆಚ್ಚೆಂದರೆ ವಾರ, ಹತ್ತು ದಿನ. ಗುರುವಾರ ಸುದ್ದಿ ಕೇಳಿದರೆ ಭಾನುವಾರದೊಳಗೆ ಹೋಗಿಬಿಡಬೇಕು. ‘ಮುಂದಿನ ವಾರ’ ಅನ್ನುವುದೇ ಇಲ್ಲ ಅಲ್ಲಿ.

ಖಾಸಗಿ ಗ್ಯಾಲರಿಗಳ ತಾಳ ನಿಧಾನ. ವಿಲ್ಸನ್ ಗಾರ್ಡನ್‌ನ ಗ್ಯಾಲರಿ ಸುಮುಖದಂಥ ಕಡೆ ಒಂದು ಪ್ರದರ್ಶನ ಮೂರು, ನಾಲ್ಕು ವಾರ ಇರುತ್ತದೆ. ಕೆಲವೊಮ್ಮೆ ಒಂದೂವರೆ ತಿಂಗಳು. ಅವರು ಚಿತ್ರ ಮಾರಬೇಕು, ಕೊಳ್ಳುವವರು ಎರಡೆರಡು ಸಲ ಬಂದು ನೋಡಬೇಕು. ಅದಕ್ಕೆ ಸಮಯ ಬೇಕು.

ಮ್ಯೂಸಿಯಂಗಳದ್ದು ಇನ್ನೂ ನಿಧಾನ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿರುವ ಎನ್‌ಜಿಎಂಎ, ಅಂದರೆ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಕಸ್ತೂರ್ಬಾ ರಸ್ತೆಯ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ), ಇಲ್ಲೆಲ್ಲಾ ದೊಡ್ಡ ಪ್ರದರ್ಶನಗಳು ತಿಂಗಳುಗಟ್ಟಲೆ ಇರುತ್ತವೆ. ಅಪಾಯ ಇರುವುದೂ ಇಲ್ಲೇ. ಮೂರು ದಿನದ ಪ್ರದರ್ಶನಕ್ಕೆ ಓಡಿ ಹೋಗುತ್ತೇವೆ, ನಾಲ್ಕು ತಿಂಗಳದ್ದನ್ನು ತಪ್ಪಿಸಿಕೊಳ್ಳುತ್ತೇವೆ. ನನ್ನ ಲೆಕ್ಕದ ಪುಸ್ತಕದಲ್ಲಿ ಹೀಗೆ ತಪ್ಪಿಹೋದವುಗಳಲ್ಲಿ ಹೆಚ್ಚಿನವು ತಿಂಗಳುಗಟ್ಟಲೆ ಇದ್ದವೇ.

ಪರಿಷತ್ತಿನವರು ವರ್ಷಕ್ಕೊಮ್ಮೆ ರಸ್ತೆಯಲ್ಲೇ ನಡೆಸುವ ಚಿತ್ರಸಂತೆಯದ್ದು ಬೇರೆಯದೇ ಕಥೆ. ಬೆಳಿಗ್ಗೆ ಶುರು, ಸಂಜೆ ಮುಗಿಯಿತು. ಒಂದೇ ದಿನ.

ತಿಂಗಳುಗಟ್ಟಲೆ ಇಡಬಹುದಾದ ಚಿತ್ರಗಳನ್ನ ಯಾಕೆ ಇಳಿಸ್ತಾರೆ? ಅಲ್ಲೇ ಇದ್ದರೆ ಏನಾಗುತ್ತೆ?

ಬಣ್ಣ ಮಾಸುತ್ತದೆ. ಜಲವರ್ಣ, ಕಾಗದದ ಮೇಲಿನ ರೇಖಾಚಿತ್ರ, ಮುದ್ರಣ, ಹಳೆಯ ಫೋಟೊ, ಬಟ್ಟೆ, ಇವೆಲ್ಲ ಬೆಳಕಿಗೆ ತುಂಬಾ ಸೂಕ್ಷ್ಮ. ಇಂಥವಕ್ಕೆ ಮ್ಯೂಸಿಯಂಗಳು ಸಾಮಾನ್ಯವಾಗಿ 50 ಲಕ್ಸ್‌ನಷ್ಟು (ಲಕ್ಸ್ ಅಂದರೆ ಬೆಳಕಿನ ಅಳತೆ) ಮಾತ್ರ ಬೆಳಕು ಬಿಡುತ್ತವೆ. ನಮ್ಮ ಆಫೀಸಿನ ಮೇಜಿನ ಮೇಲೆ ಬೀಳುವ ಬೆಳಕು ಇದರ ಹಲವು ಪಟ್ಟು. ಅಷ್ಟು ಕಡಿಮೆ ಬೆಳಕಿನಲ್ಲೂ ಕೆಲವು ತಿಂಗಳು ತೋರಿಸಿದ ಮೇಲೆ ಆ ಚಿತ್ರಕ್ಕೆ ಕತ್ತಲಲ್ಲಿ ವಿಶ್ರಾಂತಿ ಕೊಡುತ್ತಾರೆ. ಬೆಳಕಿನಿಂದ ಆದ ಹಾನಿ ಮತ್ತೆ ಸರಿಹೋಗುವುದಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ಕಾಗದದ ಮೇಲಿನ ಕೆಲಸಗಳ ಪ್ರದರ್ಶನ ಅಂತ ಕಂಡರೆ ಅದಕ್ಕೆ ಮೊದಲ ಸ್ಥಾನ ಕೊಡಿ. ಕ್ಯಾನ್ವಾಸಿನ ಮೇಲಿನ ತೈಲಚಿತ್ರ ಮುಂದಿನ ವರ್ಷವೂ ಗೋಡೆಯ ಮೇಲೆ ಸಿಗಬಹುದು. ಜಲವರ್ಣ ಒಮ್ಮೆ ಪೆಟ್ಟಿಗೆ ಸೇರಿದರೆ ಮತ್ತೆ ಯಾವಾಗ ಹೊರಗೆ ಬರುತ್ತೋ!

ಯಾವ ಯಾವ ಜಾಗಗಳ ಮೇಲೆ ಕಣ್ಣಿಡಬೇಕು?

ಎಲ್ಲವನ್ನೂ ಹಿಂಬಾಲಿಸಲು ಹೋದರೆ ಒಂದೇ ತಿಂಗಳಲ್ಲಿ ಬೇಜಾರು ಬರುತ್ತದೆ. ಐದಾರು ಸಾಕು.

ಪರಿಷತ್ತು, ಎನ್‌ಜಿಎಂಎ, ಮ್ಯಾಪ್ ಈ ಮೂರು ಇರಲೇಬೇಕು. ಎನ್‌ಜಿಎಂಎ ಬೆಂಗಳೂರಿಗೆ ಬಂದದ್ದು 2009ರಲ್ಲಿ. ದೆಹಲಿ ಮತ್ತು ಮುಂಬೈಯಲ್ಲೂ ಅದರ ಗ್ಯಾಲರಿಗಳಿರುವುದರಿಂದ ಕೆಲವು ಪ್ರದರ್ಶನಗಳು ಊರಿಂದ ಊರಿಗೆ ತಿರುಗುತ್ತವೆ. ಅಲ್ಲಿಯ ಸುದ್ದಿ ಮೊದಲೇ ಕಿವಿಗೆ ಬಿದ್ದರೆ ಒಳ್ಳೆಯದು. ಮ್ಯಾಪ್ ಕಟ್ಟಡ ತೆರೆದದ್ದು 2023ರ ಫೆಬ್ರುವರಿಯಲ್ಲಿ. ಫೋಟೊಗ್ರಫಿ ಇಷ್ಟಪಡುವವರು ಇದನ್ನು ಬಿಡಬಾರದು.

ಆಮೇಲೆ ನಿಮ್ಮ ರುಚಿ. ಹೊಸ ಹುಡುಗ-ಹುಡುಗಿಯರು ಏನು ಮಾಡುತ್ತಿದ್ದಾರೆ ನೋಡಬೇಕು ಅಂದರೆ ಶಾಂತಿನಗರದ ಒನ್ ಶಾಂತಿರೋಡ್. ಅದೊಂದು ಮನೆ, ಅಂಗಳದಲ್ಲಿ ಮರ, ಮೇಲೆ ಕಲಾವಿದರು ಉಳಿದುಕೊಳ್ಳುವ ಕೋಣೆ. ವಿಜ್ಞಾನ ಮತ್ತು ಕಲೆ ಸೇರಿದ ಪ್ರದರ್ಶನ ಬೇಕಾದರೆ ಬಳ್ಳಾರಿ ರಸ್ತೆಯ ಸೈನ್ಸ್ ಗ್ಯಾಲರಿ. 2024ರಲ್ಲಿ ತೆರೆಯಿತು, ಪ್ರವೇಶ ಉಚಿತ, ಕಾಲೇಜು ಮಕ್ಕಳಿಗೆ ಹೇಳಿ ಮಾಡಿಸಿದ ಜಾಗ. ವ್ಯಂಗ್ಯಚಿತ್ರ ಅಂದರೆ ಟ್ರಿನಿಟಿ ಸರ್ಕಲ್ ಹತ್ತಿರ, ಮಿಡ್‌ಫೋರ್ಡ್ ಗಾರ್ಡನ್‌ನ ಕಾರ್ಟೂನ್ ಗ್ಯಾಲರಿ. ಎಂ.ಜಿ. ರಸ್ತೆ ಮೆಟ್ರೊ ನಿಲ್ದಾಣಕ್ಕೆ ಅಂಟಿಕೊಂಡಿರುವ ರಂಗೋಲಿ ಕಲಾ ಕೇಂದ್ರಕ್ಕೆ ಬೇರೆ ಏನೋ ಕೆಲಸಕ್ಕೆ ಹೋದಾಗ ಇಣುಕಿದರೂ ಸಾಕು. ಬಸವನಗುಡಿಯವರಿಗೆ ಬಿ.ಪಿ. ವಾಡಿಯಾ ರಸ್ತೆಯ ವರ್ಲ್ಡ್ ಕಲ್ಚರ್ ಇನ್‌ಸ್ಟಿಟ್ಯೂಟ್ ಇದ್ದೇ ಇದೆ.

ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯ ಬಗ್ಗೆ ಮಾತ್ರ ಹೋಗುವ ಮೊದಲು ಫೋನ್ ಮಾಡಿ ವಿಚಾರಿಸಿ. ಅವನೀಂದ್ರನಾಥ ಟ್ಯಾಗೋರರ ಶಿಷ್ಯರಾಗಿದ್ದ ಕೆ. ವೆಂಕಟಪ್ಪನವರ ಹೆಸರಿನ ಗ್ಯಾಲರಿ ಅದು. ಬೆಂಗಳೂರಿನ ಕಲಾವಿದರಿಗೆ ಅದರ ಮೇಲೆ ಎಂಥ ಪ್ರೀತಿ ಅಂದರೆ, ಅದನ್ನು ಖಾಸಗಿಯವರ ಕೈಗೆ ಕೊಡುವ ಮಾತು ಬಂದಾಗ 2016ರಲ್ಲಿ ಬೀದಿಗಿಳಿದು ಪ್ರತಿಭಟಿಸಿದರು.

ಫೋನಿನಲ್ಲಿ ಇದನ್ನೆಲ್ಲ ಹೇಗೆ ಹೊಂದಿಸಿಕೊಳ್ಳೋದು?

ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ, ಸಾಕು ಅಂದುಕೊಳ್ಳಬೇಡಿ. ಅದು ಮಗುವಿನ ಫೋಟೊ, ಕರೆಂಟ್ ಬಿಲ್, ಗುಡ್ ಮಾರ್ನಿಂಗ್ ಹೂವುಗಳ ನಡುವೆ ಕಳೆದುಹೋಗುತ್ತದೆ.

ನಾನು ಮಾಡುವುದು ಇಷ್ಟು. ಗೂಗಲ್ ಕ್ಯಾಲೆಂಡರಿನಲ್ಲಿ ಪ್ರದರ್ಶನಗಳಿಗೆ ಅಂತಲೇ ಬೇರೆ ಕ್ಯಾಲೆಂಡರ್ ಮಾಡಿ ಅದಕ್ಕೊಂದು ಬಣ್ಣ ಕೊಟ್ಟಿದ್ದೇನೆ. ಸುದ್ದಿ ಕಂಡ ಕೂಡಲೇ, ನಿಂತ ಕಾಲಲ್ಲೇ, ಮುಗಿಯುವ ದಿನಕ್ಕಿಂತ ಎರಡು ದಿನ ಮೊದಲಿಗೆ ಒಂದು ನಮೂದು ಹಾಕುತ್ತೇನೆ. ಶೀರ್ಷಿಕೆಯಲ್ಲಿ ಮೊದಲ ಪದವೇ ‘ಮುಗಿಯುತ್ತೆ’. ಪೋಸ್ಟರಿನ ಚಿತ್ರವನ್ನು ಅದಕ್ಕೇ ಅಂಟಿಸುತ್ತೇನೆ. ಒಂದು ನಮೂದಿಗೆ ಒಂದಕ್ಕಿಂತ ಹೆಚ್ಚು ನೆನಪೋಲೆ (ರಿಮೈಂಡರ್) ಇಡಬಹುದು. ಉದ್ದದ ಪ್ರದರ್ಶನವಾದರೆ ಮೂರು ವಾರ ಮೊದಲು ಒಂದು, ಹತ್ತು ದಿನ ಮೊದಲು ಒಂದು. ಚಿಕ್ಕದಾದರೆ ಮರುದಿನ ಬೆಳಿಗ್ಗೆಯೇ.

ನೆನಪೋಲೆ ಬಂದಾಗ ಅದನ್ನು ಸುಮ್ನೆ ಉಜ್ಜಿ ಹಾಕುವುದು ಸುಲಭ. ಹಾಗಾಗಿ ಇನ್ನೊಂದು ನಿಯಮ: ಆ ಕ್ಷಣವೇ ಹೋಗುವ ದಿನ ಗೊತ್ತುಮಾಡಿ ಅದನ್ನೂ ಬರೆಯುವುದು. ದಂತವೈದ್ಯರ ಅಪಾಯಿಂಟ್‌ಮೆಂಟ್ ಇದ್ದ ಹಾಗೆ. ಮನೆಯವರ ಜೊತೆ ಕ್ಯಾಲೆಂಡರ್ ಹಂಚಿಕೊಂಡರೆ ಇನ್ನೂ ಒಳ್ಳೆಯದು. ಆ ಶನಿವಾರ ಗೃಹಪ್ರವೇಶಕ್ಕೆ ಒಪ್ಪಿಕೊಳ್ಳುವ ಮೊದಲು ಅವರಿಗೂ ಕಾಣುತ್ತದೆ.

ಇನ್‌ಸ್ಟಾಗ್ರಾಂನಲ್ಲಿ ಗ್ಯಾಲರಿಗಳನ್ನು ಫಾಲೋ ಮಾಡಿದರಷ್ಟೇ ಸಾಲದು, ಗಂಟೆಯ ಗುರುತನ್ನು ಒತ್ತಿ ಪೋಸ್ಟ್‌ಗಳ ಸೂಚನೆ ಬರುವಂತೆ ಮಾಡಿಕೊಳ್ಳಿ. ಇಲ್ಲದಿದ್ದರೆ ನಿಮಗೆ ಏನು ಕಾಣಿಸಬೇಕು ಅಂತ ಅದೇ ತೀರ್ಮಾನಿಸುತ್ತದೆ. ಮ್ಯೂಸಿಯಂಗಳ ಇಮೇಲ್ ಪತ್ರಿಕೆಗಳಿಗೆ ಹೆಸರು ಕೊಡಿ. ಹಳೇ ಪದ್ಧತಿ ಅನ್ನಿಸಬಹುದು, ಆದರೆ ತಾರೀಖು ಅಕ್ಷರದಲ್ಲೇ ಇರುವುದರಿಂದ ಹುಡುಕಿದರೆ ಸಿಗುತ್ತದೆ.

ಗೂಗಲ್ ಅಲರ್ಟ್‌ನಲ್ಲಿ ಕನ್ನಡ ಪದಗಳನ್ನೂ ಹಾಕಿ: ‘ಚಿತ್ರಕಲಾ ಪ್ರದರ್ಶನ’, ‘ಏಕವ್ಯಕ್ತಿ ಪ್ರದರ್ಶನ’, ‘ಸಮೂಹ ಕಲಾ ಪ್ರದರ್ಶನ’. ಇಂಗ್ಲಿಷಿನಲ್ಲಿ ಹುಡುಕಿದರೆ ಸಿಗದ ಜಿಲ್ಲೆಗಳ ಸುದ್ದಿ ಇದರಲ್ಲಿ ಬರುತ್ತದೆ. ‘ಕಲಾ ಶಿಬಿರ’ ಅನ್ನುವುದನ್ನೂ ಸೇರಿಸಿ. ಶಿಬಿರ ಮುಗಿದ ಮೇಲೆ ಅಲ್ಲಿ ಬರೆದ ಚಿತ್ರಗಳನ್ನು ತೋರಿಸುವುದು ವಾಡಿಕೆ. ಅಂದರೆ ಪ್ರದರ್ಶನದ ಸುದ್ದಿ ನಿಮಗೆ ಒಂದು ವಾರ ಮೊದಲೇ ಸಿಕ್ಕ ಹಾಗೆ.

ನನಗೆ ಈ ಆಪ್‌ಗಳ ಸಹವಾಸ ಬೇಡ. ಬೇರೆ ದಾರಿ ಇಲ್ವಾ?

ಇದೆ, ಮತ್ತು ನನ್ನ ಪ್ರಕಾರ ಅದೇ ಗಟ್ಟಿ ದಾರಿ.

ಗ್ಯಾಲರಿಯ ಬಾಗಿಲಲ್ಲಿ ಒಂದು ಮೇಜು, ಮೇಜಿನ ಮೇಲೆ ಒಂದು ಪುಸ್ತಕ ಇರುತ್ತದೆ. ಹೆಚ್ಚಿನವರು ‘ಚೆನ್ನಾಗಿದೆ, ಶುಭವಾಗಲಿ’ ಅಂತ ಗೀಚಿ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ. ಯಾವ ಚಿತ್ರ ಇಷ್ಟವಾಯಿತು ಅಂತ ಒಂದು ಸಾಲು ಬರೆಯಿರಿ. ಕೆಳಗೆ ಇಮೇಲ್ ಬಿಡಿಸಿ ಬಿಡಿಸಿ ಬರೆಯಿರಿ. ಕಲಾವಿದರು ಆ ಪುಸ್ತಕವನ್ನು ಮನೆಗೆ ಒಯ್ದು ಓದುತ್ತಾರೆ. ಮುಂದಿನ ಪ್ರದರ್ಶನಕ್ಕೆ ಕರೆಯುವವರ ಪಟ್ಟಿ ಹುಟ್ಟುವುದು ಅಲ್ಲೇ. ಅವರ ಗೆಳೆಯರ ಪ್ರದರ್ಶನದ ಕಾರ್ಡೂ ನಿಮಗೆ ಬರತೊಡಗುತ್ತದೆ. ಹೀಗೆ ಒಂದು ವರ್ಷ ಮಾಡಿದರೆ ಸುದ್ದಿಯೇ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ.

ಎರಡನೆಯದು, ಪತ್ರಿಕೆಗಳ ‘ನಗರದಲ್ಲಿ ಇಂದು’ ಅಂಕಣ. ಪ್ರವಚನ, ಪುಸ್ತಕ ಬಿಡುಗಡೆ, ಸನ್ಮಾನಗಳ ನಡುವೆ ಚಿತ್ರಪ್ರದರ್ಶನವೂ ಎರಡು ಸಾಲಿನಲ್ಲಿ ಇರುತ್ತದೆ. ದಿನಾ ಓದಬೇಕಿಲ್ಲ, ಶುಕ್ರವಾರ, ಶನಿವಾರ ನೋಡಿದರೆ ಸಾಕು.

ಮೂರನೆಯದು, ಫ್ರೇಮ್ ಹಾಕುವ ಅಂಗಡಿಯವರು. ಯಾವ ಕಲಾವಿದರು ಒಟ್ಟಿಗೆ ಮೂವತ್ತು ಫ್ರೇಮ್‌ಗೆ ಆರ್ಡರ್ ಕೊಟ್ಟಿದ್ದಾರೆ ಅಂತ ಅವರಿಗೆ ಗೊತ್ತಿರುತ್ತದೆ. ಮೂವತ್ತು ಫ್ರೇಮ್ ಅಂದರೆ ಒಂದು ಪ್ರದರ್ಶನ, ಅಲ್ವಾ?

ಪರಿಷತ್ತಿನ ಗೇಟಿನ ಬಳಿ ಹಾಯುವಾಗ ಬೋರ್ಡುಗಳನ್ನೂ ನೋಡಿ. ಸೀರೆ, ಕರಕುಶಲ ಮೇಳದ ಬ್ಯಾನರ್ ದೊಡ್ಡದಾಗಿರುತ್ತದೆ. ನಿಮಗೆ ಬೇಕಾದ ಬೋರ್ಡು ಅದರ ಹಿಂದೆ ಇರುತ್ತದೆ.

ಹೋದಾಗ ಬಾಗಿಲು ಹಾಕಿತ್ತು. ರಜೆ ಯಾವಾಗ ಅಂತ ಹೇಗೆ ಗೊತ್ತಾಗಬೇಕು?

ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ. ಎನ್‌ಜಿಎಂಎ, ಮ್ಯಾಪ್ ಎರಡಕ್ಕೂ ಇದು ಅನ್ವಯ. ಖಾಸಗಿ ಗ್ಯಾಲರಿಗಳಲ್ಲಿ ಹಲವಕ್ಕೆ ಭಾನುವಾರ ರಜೆ, ಕಾರ್ಟೂನ್ ಗ್ಯಾಲರಿಗೂ ಅಷ್ಟೇ. ನೆಂಟರನ್ನು ಕರೆದುಕೊಂಡು ಭಾನುವಾರ ಗ್ಯಾಲರಿಗೆ ಹೊರಟು ಬೀಗ ನೋಡಿ ಬರುವುದು ಬಹಳ ಜನರ ಅನುಭವ. ಎನ್‌ಜಿಎಂಎ ಸರ್ಕಾರದ್ದಾದ್ದರಿಂದ ರಾಷ್ಟ್ರೀಯ ರಜಾದಿನಗಳಲ್ಲೂ ಮುಚ್ಚಿರುತ್ತದೆ. ಒಂದು ಪ್ರದರ್ಶನ ಇಳಿಸಿ ಇನ್ನೊಂದು ಏರಿಸುವ ನಡುವಿನ ದಿನಗಳಲ್ಲಿ ಕೆಲವು ಕೋಣೆಗಳು ಖಾಲಿ ಇರುತ್ತವೆ, ಅದನ್ನೂ ಕೇಳಿಕೊಳ್ಳಿ.

ನನಗೆ ಹಿಡಿಸಿದ್ದು ಶನಿವಾರ. ಎಲ್ಲವೂ ತೆರೆದಿರುವ ಸಾಧ್ಯತೆ ಹೆಚ್ಚು. ಬೆಳಿಗ್ಗೆ ಕಸ್ತೂರ್ಬಾ ರಸ್ತೆಯಲ್ಲಿ ಶುರುಮಾಡಿ, ಕಬ್ಬನ್ ಪಾರ್ಕಿನಲ್ಲಿ ಕೂತು ಬುತ್ತಿ ತಿಂದು, ಮಧ್ಯಾಹ್ನ ಎನ್‌ಜಿಎಂಎ, ಸಂಜೆ ಪರಿಷತ್ತು. ಕಾಲು ನೋವು ಖಂಡಿತ.

ಹೇಳಿದ ತಾರೀಖು ಬದಲಾಗುತ್ತಾ?

ಆಗುತ್ತದೆ. ದೊಡ್ಡವರಿಗೂ ಆಗುತ್ತದೆ. ಕೇರಳದಲ್ಲಿ ನಡೆಯುವ ದೊಡ್ಡ ಕಲಾಮೇಳ ಕೊಚ್ಚಿ-ಮುಜಿರಿಸ್ ಬಿನಾಲೆಯ ಐದನೇ ಆವೃತ್ತಿ 2022ರ ಡಿಸೆಂಬರ್ 12ಕ್ಕೆ ಶುರುವಾಗಬೇಕಿತ್ತು. ಹಿಂದಿನ ದಿನ ಅದನ್ನು 23ಕ್ಕೆ ಮುಂದೂಡಿದರು. ಅಷ್ಟರಲ್ಲಿ ಹೊರದೇಶಗಳಿಂದ ಜನ ಬಂದಿಳಿದಿದ್ದರು. ನಮ್ಮ ಚಿತ್ರಸಂತೆಯೂ ಕೋವಿಡ್ ಕಾರಣಕ್ಕೆ 2021ರಲ್ಲಿ ಆನ್‌ಲೈನ್ ಆಯಿತು, 2022ರಲ್ಲಿ ಜನವರಿಯಿಂದ ಮಾರ್ಚ್‌ಗೆ ಹೋಯಿತು.

ಹಾಗಾಗಿ ದೂರದ ಊರಿನ ಪ್ರದರ್ಶನಕ್ಕೆ ಮೊದಲ ವಾರದ ಟಿಕೆಟ್ ಮಾಡಬೇಡಿ. ಬಿನಾಲೆಯಂಥದ್ದಕ್ಕೆ ಜನವರಿ, ಫೆಬ್ರುವರಿ ಒಳ್ಳೆಯದು. ಅಷ್ಟು ಹೊತ್ತಿಗೆ ಎಲ್ಲ ಕೋಣೆಗಳೂ ಸಿದ್ಧವಾಗಿರುತ್ತವೆ. ಕೊಚ್ಚಿಯ ಬಿಸಿಲೂ ಇನ್ನೂ ಏರಿರುವುದಿಲ್ಲ. ಸ್ಥಳೀಯ ಪ್ರದರ್ಶನವಾದರೆ ಮನೆ ಬಿಡುವ ಮೊದಲು ಒಂದು ಫೋನ್ ಸಾಕು.

ಒಳ್ಳೆಯ ಬದಲಾವಣೆಯೂ ಇದೆ. ಜನ ಜಾಸ್ತಿ ಬಂದರೆ ಪ್ರದರ್ಶನವನ್ನು ವಿಸ್ತರಿಸುತ್ತಾರೆ. ಆದರೆ ಅದನ್ನು ನಂಬಿ ಕೂರಬಾರದು.

ಪ್ರತಿ ವರ್ಷ ತಪ್ಪದೆ ಬರುವಂಥವು ಯಾವುವು? ಈಗಲೇ ಬರೆದಿಟ್ಟುಕೊಳ್ತೀನಿ.

ಜನವರಿಯಲ್ಲಿ ಚಿತ್ರಸಂತೆ. ಸಾಮಾನ್ಯವಾಗಿ ತಿಂಗಳ ಮೊದಲ ಭಾನುವಾರದ ಆಸುಪಾಸು. 2025ರ ಜನವರಿ 5ರಂದು ನಡೆದದ್ದು 22ನೆಯದು. ಕುಮಾರಕೃಪಾ ರಸ್ತೆಯಲ್ಲಿ ವಾಹನ ನಿಲ್ಲಿಸಿ ಇಡೀ ರಸ್ತೆಯನ್ನೇ ಗ್ಯಾಲರಿ ಮಾಡುತ್ತಾರೆ. ಸಾವಿರಕ್ಕೂ ಹೆಚ್ಚು ಕಲಾವಿದರು ಬರುತ್ತಾರೆ. ಚಿತ್ರ ನೋಡಬೇಕು ಅನ್ನುವವರು ಬೆಳಿಗ್ಗೆ ಒಂಬತ್ತಕ್ಕೇ ಹೋಗಿ. ಹನ್ನೊಂದರ ಮೇಲೆ ಜನರ ಬೆನ್ನು ಮಾತ್ರ ಕಾಣುತ್ತದೆ.

ಜನವರಿ ಕೊನೆ, ಫೆಬ್ರುವರಿ ಮೊದಲ ಭಾಗ ಮುಂಬೈಯಲ್ಲಿ ಕಾಲಾ ಘೋಡಾ ಉತ್ಸವ, ದೆಹಲಿಯಲ್ಲಿ ಇಂಡಿಯಾ ಆರ್ಟ್ ಫೇರ್. ಆರ್ಟ್ ಫೇರ್ ನಾಲ್ಕೇ ದಿನ. ನೋಡಿ ಮುಗಿಸುವಷ್ಟರಲ್ಲಿ ತಲೆ ಗಿರ್ರ್ ಅನ್ನುತ್ತದೆ. ನನಗೆ ಅದು ಅಷ್ಟಾಗಿ ಸೇರುವುದಿಲ್ಲ.

ಬೇಸಿಗೆಯಲ್ಲಿ ಕಲಾ ಕಾಲೇಜುಗಳ ಅಂತಿಮ ವರ್ಷದ ವಿದ್ಯಾರ್ಥಿಗಳ ಪ್ರದರ್ಶನ. ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನ್ನ ಮಟ್ಟಿಗೆ ವರ್ಷದಲ್ಲಿ ಅತಿ ಹೆಚ್ಚು ಖುಷಿ ಕೊಡುವುದು ಇದೇ. ಹುಡುಗರು ಕ್ಲಾಸ್‌ರೂಮಿನ ಗೋಡೆಗೆ ಬಿಳಿ ಬಣ್ಣ ಬಳಿದು, ತಾವೇ ಮೊಳೆ ಹೊಡೆದು, ಬಂದವರನ್ನೆಲ್ಲ ಕೈ ಹಿಡಿದು ತೋರಿಸುತ್ತಾರೆ. ತಾರೀಖು ಮಾತ್ರ ಪರೀಕ್ಷೆಯ ಮೇಲೆ ಅವಲಂಬಿಸಿರುವುದರಿಂದ ಏಪ್ರಿಲ್‌ನಿಂದಲೇ ಕಾಲೇಜಿನ ಕಚೇರಿಗೆ ಫೋನ್ ಮಾಡುತ್ತಿರಬೇಕು.

ದಸರಾದಲ್ಲಿ ಮೈಸೂರು. ಡಿಸೆಂಬರ್‌ನಲ್ಲಿ ಪಣಜಿಯ ಸೆರೆಂಡಿಪಿಟಿ ಉತ್ಸವ, 2016ರಿಂದ ನಡೆಯುತ್ತಿದೆ. ಬೆಳಗಾವಿಯವರಿಗೆ ಬೆಂಗಳೂರಿಗಿಂತ ಪಣಜಿಯೇ ಹತ್ತಿರ. ಎರಡು ವರ್ಷಕ್ಕೊಮ್ಮೆ ಅಂತ ಹೆಸರಿರುವ ಕೊಚ್ಚಿ ಬಿನಾಲೆಯ ಆರನೇ ಆವೃತ್ತಿ 2025ರ ಡಿಸೆಂಬರ್ 12ರಿಂದ 2026ರ ಮಾರ್ಚ್ 31ರ ತನಕದ್ದು. ಲಲಿತಕಲಾ ಅಕಾಡೆಮಿಯ ವಾರ್ಷಿಕ ಪ್ರದರ್ಶನಕ್ಕೆ ಇದೇ ತಿಂಗಳು ಅಂತಿಲ್ಲ. ಜೆ.ಸಿ. ರಸ್ತೆಯ ಕನ್ನಡ ಭವನದ ಸುದ್ದಿ ನೋಡುತ್ತಿರಬೇಕು.

ನಾನು ಬೆಂಗಳೂರಿನಲ್ಲಿಲ್ಲ. ನನ್ನೂರಲ್ಲಿ ಏನೂ ಇಲ್ಲ ಅನ್ಸುತ್ತೆ.

ಇರುತ್ತದೆ, ಆದರೆ ಗ್ಯಾಲರಿ ಅನ್ನುವ ಬೋರ್ಡು ಇರುವುದಿಲ್ಲ. ಚಿತ್ರಕಲಾ ಶಾಲೆ ಎಲ್ಲಿದೆ ಅಂತ ಮೊದಲು ಹುಡುಕಿ. ಕಲಬುರಗಿ, ಗದಗ, ದಾವಣಗೆರೆ, ಧಾರವಾಡ, ಇವೆಲ್ಲ ಹಳೆಯ ಕಲಾಶಾಲೆಗಳ ಊರುಗಳು. ಚಿತ್ರಕಾರ ಎಸ್.ಎಂ. ಪಂಡಿತರ ಊರು ಕಲಬುರಗಿ, ಕಲಾವಿದ ಹಾಲಭಾವಿಯವರು ಶಾಲೆ ಕಟ್ಟಿದ್ದು ಧಾರವಾಡದಲ್ಲಿ. ಶಾಲೆ ಇದ್ದಲ್ಲಿ ಪ್ರದರ್ಶನ ಇದ್ದೇ ಇರುತ್ತದೆ. ಒಬ್ಬ ಡ್ರಾಯಿಂಗ್ ಮೇಷ್ಟ್ರ ಪರಿಚಯ ಮಾಡಿಕೊಂಡರೆ ಜಿಲ್ಲೆಯ ಎಲ್ಲ ಸುದ್ದಿಯೂ ಸಿಕ್ಕಿತು. ಮಂಗಳೂರಿನಲ್ಲಿ ಬಲ್ಲಾಳ್‌ಬಾಗ್‌ನ ಪ್ರಸಾದ್ ಆರ್ಟ್ ಗ್ಯಾಲರಿ, ಕೊಡಿಯಾಲಗುತ್ತು ಕೇಂದ್ರ ಇವೆ.

ಮೈಸೂರಿನವರಿಗೆ ಕಾವಾ ಇದೆ, ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ. ಜಗನ್ಮೋಹನ ಅರಮನೆಯ ಸಂಗ್ರಹ ಎಲ್ಲೂ ಓಡಿ ಹೋಗುವುದಿಲ್ಲ, ನಿಜ. ಆದರೆ ‘ಯಾವತ್ತಾದರೂ ನೋಡಬಹುದು’ ಅಂತ ಯಾವತ್ತೂ ನೋಡದ ಮೈಸೂರಿನವರು ನನಗೆ ಎಷ್ಟೋ ಜನ ಗೊತ್ತು. ಅಲ್ಲಿರುವ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ರವಿವರ್ಮನದು ಅಂತ ಹೇಳುವವರು ಇವರೇ. ಅದು ಎಸ್.ಎಲ್. ಹಳದಣಕರ್ ಅವರದು, ಜಲವರ್ಣ.

ಮುಂಬೈಯಲ್ಲೋ ಹೊರದೇಶದಲ್ಲೋ ಇರುವ ಕನ್ನಡಿಗರಿಗೆ ಏನು ಹೇಳ್ತೀರಿ?

ಮುಂಬೈಯವರ ಕೆಲಸ ಸುಲಭ. 1952ರಲ್ಲಿ ತೆರೆದ ಜಹಾಂಗೀರ್ ಆರ್ಟ್ ಗ್ಯಾಲರಿಯಲ್ಲಿ ಪ್ರದರ್ಶನಗಳು ಸುಮಾರು ವಾರಕ್ಕೊಮ್ಮೆ ಬದಲಾಗುತ್ತವೆ. ತಿಂಗಳಿಗೆ ಎರಡು ಸಲ ಆ ಗ್ಯಾಲರಿ ಇರುವ ಕಾಲಾ ಘೋಡಾ ಕಡೆ ಹೋದರೆ ಬಹಳಷ್ಟು ಸಿಗುತ್ತದೆ. ಕಟ್ಟಿಂಗೇರಿಯಿಂದ ಮುಂಬೈಗೆ ಹೋದ ಕೆ.ಕೆ. ಹೆಬ್ಬಾರರ ಚಿತ್ರಗಳು ಎಲ್ಲಾದರೂ ಬಂದರೆ ಬಿಡಬೇಡಿ.

ಹೊರದೇಶಗಳಲ್ಲಿ ತೊಂದರೆ ಬೇರೆ ಥರದ್ದು. ಅಲ್ಲಿ ಸುದ್ದಿಗೆ ಬರ ಇಲ್ಲ, ಟಿಕೆಟ್ಟಿಗೆ ಬರ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿ 2023ರ ಫೆಬ್ರುವರಿ 10ರಿಂದ ಜೂನ್ 4ರ ತನಕ ಡಚ್ ಚಿತ್ರಕಾರ ವರ್ಮೀರನ ಪ್ರದರ್ಶನ ಇತ್ತು. ಉಳಿದಿರುವ ಸುಮಾರು 37 ಚಿತ್ರಗಳಲ್ಲಿ 28 ಒಂದೇ ಕಡೆ! ತೆರೆದ ಕೆಲವೇ ದಿನಗಳಲ್ಲಿ ಜೂನ್ ತನಕದ ಎಲ್ಲ ಟಿಕೆಟ್ ಖಾಲಿ. ಅದೇ ಊರಿನಲ್ಲಿ ಮನೆ ಮಾಡಿಕೊಂಡಿದ್ದ ನನ್ನ ಗೆಳತಿಗೆ ಸಿಗಲಿಲ್ಲ. ಅಂಥ ಕಡೆ ಮುಗಿಯುವ ದಿನದ ಜೊತೆಗೆ ಟಿಕೆಟ್ ಬಿಡುವ ದಿನವನ್ನೂ ಕ್ಯಾಲೆಂಡರಿಗೆ ಹಾಕಬೇಕು.

ಅಮೆರಿಕದಲ್ಲಿರುವವರು ತಮ್ಮ ಊರಿನ ಪಬ್ಲಿಕ್ ಲೈಬ್ರರಿಯಲ್ಲಿ ಕೇಳಿ. ಹಲವು ಲೈಬ್ರರಿಗಳು ಪುಸ್ತಕದ ಹಾಗೆ ಮ್ಯೂಸಿಯಂ ಪಾಸನ್ನೂ ಎರವಲು ಕೊಡುತ್ತವೆ. ಅಪ್ಪ-ಅಮ್ಮ ಆರು ತಿಂಗಳಿಗೆ ಅಂತ ಬಂದಾಗ ಮಾಲ್ ಬದಲು ಇದು.

ಗ್ಯಾಲರಿ ಒಳಗೆ ಹೋಗೋಕೆ ಮುಜುಗರ. ಕೊಳ್ಳದೆ ಸುಮ್ನೆ ನೋಡಿ ಬರಬಹುದಾ?

ಬರಬಹುದು. ಬಂದವರಲ್ಲಿ ಹೆಚ್ಚಿನವರು ಅದನ್ನೇ ಮಾಡುವುದು. ಗಾಜಿನ ಬಾಗಿಲು ಮುಚ್ಚಿರುತ್ತದೆ, ಒಳಗೆ ಎಸಿ, ಯಾರೋ ಒಬ್ಬರು ಲ್ಯಾಪ್‌ಟಾಪ್ ನೋಡುತ್ತಾ ಕೂತಿರುತ್ತಾರೆ. ತಳ್ಳಿಕೊಂಡು ಹೋಗಿ. ಅವರು ತಲೆ ಎತ್ತದಿದ್ದರೂ ಬೇಜಾರಿಲ್ಲ. ಚಿತ್ರದ ಪಕ್ಕ ಕೆಂಪು ಚುಕ್ಕೆ ಇದ್ದರೆ ಅದು ಮಾರಾಟವಾಗಿದೆ ಅಂತ ಅರ್ಥ. ಬೆಲೆ ಕೇಳಿದರೆ ತಪ್ಪೇನಿಲ್ಲ. ಕನ್ನಡದಲ್ಲೇ ಕೇಳಿ.

ಓಪನಿಂಗ್‌ಗೆ ಹೋಗಬೇಕಾ?

ಜನರನ್ನು ನೋಡಬೇಕಾದರೆ ಓಪನಿಂಗ್, ಚಿತ್ರ ನೋಡಬೇಕಾದರೆ ಬುಧವಾರ ಬೆಳಿಗ್ಗೆ.

ಒಂದೇ ವಾರ ನಾಲ್ಕು ಪ್ರದರ್ಶನ ಬಂದರೆ ಯಾವುದನ್ನ ಆರಿಸಲಿ?

ಬೇಗ ಮುಗಿಯುವುದಕ್ಕೆ ಮೊದಲು. ಒಬ್ಬ ಹಿರಿಯ ಕಲಾವಿದರ ಬದುಕಿನ ಉದ್ದದ ಕೆಲಸ ಒಟ್ಟಿಗೆ ಸಿಗುವ ಪ್ರದರ್ಶನ ಇದ್ದರೆ ಉಳಿದವನ್ನೆಲ್ಲ ಬಿಟ್ಟು ಅದಕ್ಕೆ. ಅದರಲ್ಲಿರುವ ಎಷ್ಟೋ ಚಿತ್ರಗಳು ಯಾರ್ಯಾರದೋ ಮನೆಗಳಿಂದ ಎರವಲು ಬಂದಿರುತ್ತವೆ. ಮುಗಿದ ಮೇಲೆ ಮತ್ತೆ ಆ ಮನೆಗಳ ಗೋಡೆಗೇ ಹೋಗುತ್ತವೆ. ನಮಗೆ ಆ ಮನೆಗಳ ಬಾಗಿಲು ತೆರೆಯುವುದಿಲ್ಲವಲ್ಲ.

ಎಲ್ಲಾ ನಾಲ್ಕನ್ನೂ ಒಂದೇ ದಿನ ನೋಡುತ್ತೇನೆ ಅಂತ ಹೊರಡಬೇಡಿ. ಮೂರನೆಯದಕ್ಕೆ ಬರುವಷ್ಟರಲ್ಲಿ ಕಣ್ಣು ಗೋಡೆ ನೋಡುತ್ತಿರುತ್ತದೆ, ಮನಸ್ಸು ಮಸಾಲೆದೋಸೆ.

ಮುಗಿದೇ ಹೋಯ್ತು. ಇನ್ನೇನಾದರೂ ದಾರಿ ಇದೆಯಾ?

ಮೊದಲು ಕ್ಯಾಟಲಾಗ್ ಕೇಳಿ. ಉಳಿದ ಪ್ರತಿಗಳು ಗ್ಯಾಲರಿಯ ಕಪಾಟಿನಲ್ಲಿ ಇರುತ್ತವೆ. ಮ್ಯೂಸಿಯಮ್ಸ್ ಆಫ್ ಇಂಡಿಯಾ ಜಾಲತಾಣದಲ್ಲಿ ಎನ್‌ಜಿಎಂಎ ಸಂಗ್ರಹದ ಬಹಳಷ್ಟು ಚಿತ್ರಗಳಿವೆ. ಮ್ಯಾಪ್ ತನ್ನ ಸಂಗ್ರಹವನ್ನು ಕಟ್ಟಡಕ್ಕಿಂತ ಮೊದಲೇ, 2020ರ ಡಿಸೆಂಬರ್‌ನಲ್ಲಿ, ಆನ್‌ಲೈನ್‌ನಲ್ಲಿ ತೆರೆಯಿತು. ಖಾಸಗಿ ಗ್ಯಾಲರಿಯಾದರೆ ಮಾರಾಟವಾಗದ ಚಿತ್ರಗಳು ಹಿಂದಿನ ಕೋಣೆಯಲ್ಲಿ ಇರುತ್ತವೆ. ನಯವಾಗಿ ಕೇಳಿದರೆ ಹೊರತೆಗೆದು ತೋರಿಸುತ್ತಾರೆ.

ಬಾಡಿಗೆ ಹಾಲ್‌ನಲ್ಲಿ ಮುಗಿದದ್ದಾದರೆ ಕಲಾವಿದರಿಗೇ ಫೋನ್ ಮಾಡಿ. ನಂಬರ್ ಆಹ್ವಾನ ಪತ್ರಿಕೆಯಲ್ಲೇ ಇರುತ್ತದೆ. ನಾನು ಹೊತ್ತುಕೊಟ್ಟ ಫ್ರೇಮುಗಳ ಕಲಾವಿದರು ಮುಂದಿನ ಭಾನುವಾರ ಮನೆಗೆ ಕರೆದರು. ದಿನಪತ್ರಿಕೆಯಲ್ಲಿ ಸುತ್ತಿಟ್ಟಿದ್ದ ಚಿತ್ರಗಳನ್ನು ಒಂದೊಂದೇ ಬಿಚ್ಚಿ ಸೋಫಾಕ್ಕೆ ಒರಗಿಸಿದರು. ಅವರ ಅಮ್ಮ ಕಾಫಿ ತಂದುಕೊಟ್ಟು, ಎರಡನೆಯದು ತಲೆಕೆಳಗಾಗಿದೆ ಅಂದರು. ನಿಜವಾಗಿಯೂ ಆಗಿತ್ತು.